ಮುತ್ಯಪ್ಪನ ಹೊಲ

ನಮಗೆ ಯಾರೂ ಮೋಸ ಮಾಡಲಿಲ್ಲ. ಹೆಸರು ಹೇಳಬೇಕಾದ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ, ನಡೆದದ್ದು ಇಷ್ಟೇ. ಊರಿನ ಜಮೀನು ಲೆಕ್ಕ ಬರೆಯುವ ತಲಾಠಿ ಲಂಚ ತಿಂದ, ನಮ್ಮ ಭಾವ ಒಳಗಿಂದೊಳಗೆ ಆಟ ಆಡಿದರು ಎಂದು ನಮ್ಮ ಮಂದಿ ಇವತ್ತಿಗೂ ಮದುವೆ ಮನೆಗಳಲ್ಲಿ ಕುಳಿತು ಹೇಳುತ್ತಾರೆ. ಕೇಳುವವರಿಗೂ ಅದೇ ರುಚಿ. ನನ್ನ ಮೊಮ್ಮಕ್ಕಳೂ ಅದನ್ನೇ ನಂಬಿಕೊಂಡಿದ್ದಾರೆ ಎಂದು ಗೊತ್ತಾದ ಮೇಲೆ ಬರೆಯಲು ಕುಳಿತಿದ್ದೇನೆ. ನಾನು ಸಾಲಿಗೆ ಹೋದದ್ದು ಒಂದೇ ವರ್ಷ, ಅದೂ ತಂಗಿಯನ್ನು ಬಗಲಲ್ಲಿ ಎತ್ತಿಕೊಂಡು. ಬರೆಯಲು ಕಲಿತದ್ದು ಬಹಳ ತಡವಾಗಿ, ಮಗಳ ಪಾಟಿಯ ಮೇಲೆ. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಸಂಗತಿ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಊರು ಇಂಡಿ ತಾಲೂಕಿನದು, ತಾಂಬಾಕ್ಕೆ ಒಂದು ತಾಸಿನ ನಡಿಗೆ. ಮಾವ ತೀರಿಕೊಂಡ ವರ್ಷ ಅಣ್ಣತಮ್ಮ, ಅಂದರೆ ಭಾವ ಮತ್ತು ನಮ್ಮ ಮನೆಯವರು, ಬೇರೆಯಾದರು. ಜಗಳ ಇರಲಿಲ್ಲ. ಒಂದು ಒಲೆ ಎರಡಾಯಿತು, ದನ ಹಂಚಿಕೊಂಡರು. ಊರ ಮೇಲಿನ ಎರಿ ಹೊಲ ಭಾವನವರಿಗೆ, ಹಳ್ಳದ ದಂಡೆಯ ಬಾವಿ ಇದ್ದ ಹೊಲ ನಮಗೆ. ಎಲ್ಲ ಬಾಯಿಮಾತಿನ ವಾಟ್ನಿ, ಪಾಲು ಹಂಚಿಕೆ. ಅದನ್ನು ಕಾಗದಕ್ಕೆ ಇಳಿಸುವುದು ಬಾಕಿ ಇತ್ತು. ಮನೆಯಲ್ಲಿ ಯಾರಾದರೂ ತಲಾಠಿಗೆ ವರ್ದಿ ಕೊಡಬೇಕು, ಅವನು ಅದನ್ನು ವಹಿಯಲ್ಲಿ ಬರೆದು ಚಾವಡಿಯ ಗೋಡೆಗೆ ನೋಟೀಸು ಹಚ್ಚಬೇಕು. ಯಾರದೂ ತಕರಾರು ಇಲ್ಲದಿದ್ದರೆ ಕಂದಾಯದ ಸರ್ಕಲ್ ಸಾಹೇಬರು ಮಂಜೂರು ಮಾಡುತ್ತಾರೆ. ಆಗ ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಹೆಸರು ಏರುತ್ತದೆ. ಉತಾರದಲ್ಲಿ ಹೆಸರು ಇಲ್ಲದವನಿಗೆ ಹೊಲ ಇದ್ದೂ ಇಲ್ಲ.

ನಮ್ಮ ಮನೆಯವರಿಗೆ ಆ ಉತಾರ ಬೇಗ ಬೇಕಿತ್ತು. ಕರೆಂಟಿನ ಕಂಬಗಳು ಹಳ್ಳದ ಆಚೆ ದಂಡೆಗೆ ಬಂದು ನಿಂತಿದ್ದವು. ಬಾವಿಗೆ ಮೋಟಾರು ಕೇಳಲು ಉತಾರ, ಸೊಸೈಟಿಯಲ್ಲಿ ಮೆಂಬರಾಗಲು ಉತಾರ. ಅವರು ದಿನಕ್ಕೆ ಎರಡು ಸಲ ಹಳ್ಳದ ದಂಡೆಗೆ ಹೋಗಿ ಆ ಕಂಬಗಳನ್ನು ನೋಡಿ ಬರುತ್ತಿದ್ದರು.

ತಲಾಠಿ ಮನೆಗೆ ಬಂದಾಗ ಹಿಂಗಾರಿ ಬಿತ್ತಿಗೆ ನಡೆದಿತ್ತು. ಗಂಡಸರೆಲ್ಲ ಹೊಲದಲ್ಲಿ. ಮನೆಯಲ್ಲಿ ನಾನು ಮತ್ತು ಅತ್ತೆ. ಅವನು ಊರಿಗೆ ಹೊಸಬ, ಕಾರವಾರದ ಕಡೆಯವನು. ಮಾತು ಮೆತ್ತಗೆ, ಎಲ್ಲರಿಗೂ ‘ಅಮ್ಮ’ ಅನ್ನುತ್ತಿದ್ದ. ಕಟ್ಟೆಯ ಮೇಲೆ ಕುಳಿತು ವಹಿ ಬಿಚ್ಚಿದ. ಅತ್ತೆ ಬಾಗಿಲ ಮಗ್ಗುಲಲ್ಲಿ ನಿಂತಳು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ.

“ದೊಡ್ಡ ಮಗನ ಹೆಸರು ಹೇಳಿ ಅಮ್ಮ.”

ಅತ್ತೆ ಹೇಳಿದಳು. ಬರೆದುಕೊಂಡ.

“ಎರಡನೆಯವರದು?”

ಅತ್ತೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಾನು ಗಂಡನ ಹೆಸರು ಹೇಳುವಂತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ರೂಢಿ. ಅತ್ತೆಯದು ಬೇರೆ ತೊಡಕು. ಭಾವ ಹುಟ್ಟಿದಾಗ ಅವಳ ಮಾವ ಇನ್ನೂ ಬದುಕಿದ್ದರು. ಎರಡನೆಯ ಮಗ ಹುಟ್ಟುವ ಹೊತ್ತಿಗೆ ತೀರಿಕೊಂಡಿದ್ದರು. ಹಾಗಾಗಿ ಅವರ ಹೆಸರನ್ನೇ ಮಗುವಿಗೆ ಇಟ್ಟರು. ಸೊಸೆ ಮಾವನ ಹೆಸರು ಹೇಳಬಾರದು. ಮಗನನ್ನು ಕರೆದರೆ ಮಾವನನ್ನು ಕರೆದ ಹಾಗೆ. ಅದಕ್ಕೆ ತೊಟ್ಟಿಲಿನಿಂದಲೂ ಆಕೆ ಮಗನನ್ನು ‘ಮುತ್ಯಾ’ ಎಂದೇ ಕರೆಯುತ್ತ ಬಂದಿದ್ದಳು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ಕಾರವಾರದವನಿಗೆ ಅದು ಹೇಗೆ ಗೊತ್ತಾಗಬೇಕು?

“ನಮ್ಮ ಮುತ್ಯಾಂದ ಇಟ್ಟೇವ್ರಿ” ಎಂದಳು ಅತ್ತೆ.

“ಮುತ್ಯಾ. ಮುತ್ಯಪ್ಪ ಅಂತ ಬರೆಯಲಾ?” ಅವನು ನನ್ನ ಕಡೆ ತಿರುಗಿದ. “ಅಮ್ಮ, ನಿಮ್ಮ ಯಜಮಾನರು ಮುತ್ಯಪ್ಪ ತಾನೆ?”

ನಾನು ತಲೆ ಆಡಿಸಿದೆ. ಹೌದು ಎಂದೂ ಅಲ್ಲ, ಅಲ್ಲ ಎಂದೂ ಅಲ್ಲ. ಹೆಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು, ಅವನು ಎದ್ದು ಹೋದರೆ ಸಾಕಾಗಿತ್ತು. ಅವನು ಶಾಯಿಯ ಡಬ್ಬಿ ತೆಗೆದ. “ನೀನ ಒತ್ತವ್ವ, ನನ್ನ ಕೈ ನಡಗತಾವ” ಎಂದಳು ಅತ್ತೆ. ಹಿಟ್ಟು ಮೆತ್ತಿದ ಹೆಬ್ಬೆರಳನ್ನು ಸೀರೆಗೆ ಒರೆಸಿ ಒತ್ತಿದೆ. ಹೀಗೆ ನಾವಿಬ್ಬರು ಹೆಂಗಸರು ಸೇರಿ, ಒಂದು ಹೆಸರನ್ನು ಬಾಯಿಗೆ ತರಲಾರದೆ, ಬಾವಿ ಇದ್ದ ಹೊಲವನ್ನು ಹುಟ್ಟದೇ ಇದ್ದ ಒಬ್ಬನಿಗೆ ಕೊಟ್ಟೆವು.

ಗೊತ್ತಾದದ್ದು ಶೇಂಗಾ ಕೀಳುವ ದಿನಗಳಲ್ಲಿ, ಚಾವಡಿಗೆ ನೋಟೀಸು ಹಚ್ಚಿದ ಮೇಲೆ. ನಮ್ಮ ಮನೆಯವರು ಅತ್ತ ಕಡೆಯಿಂದ ಬರುವಾಗ ಕಟ್ಟೆಯ ಮೇಲೆ ಕುಳಿತ ಒಬ್ಬ ಓದಿ ಹೇಳಿದನಂತೆ: “ಏ, ನಿಮ್ಮ ಬಾವಿ ಹೊಲ ಯಾವನೋ ಮುತ್ಯಪ್ಪಗ ಹೋಗೇತಲ್ಲೋ. ನಿನಗ ಪಾಲಿಗಾದ್ರೂ ಕೊಡ್ತಾನೇನ್ ಕೇಳು.”

ಅವರು ಮನೆಗೆ ಬಂದರು. ಕಾಲು ತೊಳೆಯಲಿಲ್ಲ.

“ಯಾವ ಮುತ್ಯಪ್ಪ?” ಎಂದರು.

ಅತ್ತೆ ಶೇಂಗಾ ಬಿಡಿಸುತ್ತಲೇ ಹೇಳಿದಳು: “ಹೆಸರು ಬಾಯಿಲೆ ಅನಬಾರದು ಅಂತ ಹಿರ್ಯಾರ ಹೇಳ್ಯಾರ.”

“ಬಾವಿಗೆ ಮೋಟಾರೂ ಹಿರ್ಯಾರ ಕೂಡಸ್ತಾರೇನು?”

ಅವರು ನನ್ನನ್ನು ನೋಡಿದರು. “ನಾ ಯಾರ ಹೊಲದಾಗ ದುಡ್ಯಾಕತ್ತೇನಿ ಈಗ?”

ಅಂದಿನಿಂದ ನನಗೆ ಒಂದು ಕಡೆ ಕುಳಿತುಕೊಳ್ಳಲು ಆಗಲಿಲ್ಲ. ಬಾವಿಗೆ ಹೋಗುತ್ತಿದ್ದೆ, ಕೊಡ ತುಂಬದೆ ವಾಪಸು ಬರುತ್ತಿದ್ದೆ. ಕಸ ಹೊಡೆದ ಅಂಗಳವನ್ನೇ ಮತ್ತೆ ಹೊಡೆಯುತ್ತಿದ್ದೆ. ಓಣಿಯ ಹೆಂಗಸರು “ಮುತ್ಯಪ್ಪ ಆರಾಮ ಅದಾರೇನವಾ?” ಎಂದು ಕೇಳಿ ನಗುತ್ತಿದ್ದರು.

ಮನೆಯವರು ತಲಾಠಿಯ ಹತ್ತಿರ ಹೋಗಿ ಬಂದರು. ಅವನು ಹೆದರಿದ್ದನಂತೆ, ಆದರೂ ಸರಿಯಾಗಿಯೇ ಹೇಳಿದ. ನೋಟೀಸಿನಲ್ಲಿ ಬರೆದ ದಿನ ಇಂಡಿ ಕಚೇರಿಯಲ್ಲಿ ಸರ್ಕಲ್ ಸಾಹೇಬರು ವಹಿ ನೋಡುತ್ತಾರೆ. ಹೆಬ್ಬೆಟ್ಟು ಒತ್ತಿದವಳೇ ಬಂದು, ಬರೆದದ್ದು ತಪ್ಪು, ನನ್ನ ಗಂಡನ ಹೆಸರು ಇಂಥದ್ದು ಎಂದು ಬಾಯಿಂದ ಹೇಳಬೇಕು. ಇಲ್ಲದಿದ್ದರೆ ಸಾಲಿಯ ದಾಖಲೆ ತರಬೇಕು, ಅದನ್ನು ಸಾಹೇಬರು ಒಪ್ಪಿದರೆ ಒಪ್ಪಬಹುದು. ಆ ದಿನ ಮೀರಿ ಮಂಜೂರು ಆಯಿತೋ, ಮೇಲಿನ ಕಚೇರಿಗೆ ವರ್ಷಗಟ್ಟಲೆ ತಿರುಗಬೇಕು.

“ಬಂದು ಹೇಳು, ಮುಗೀತು” ಎಂದರು ಮನೆಯವರು.

“ಸಾಲಿ ದಾಖಲೆ ತರ್ತೇನಿ” ಎಂದೆ ನಾನು.

ಅವರು ಎರಡು ವರ್ಷ ಸಾಲಿ ಕಲಿತದ್ದು ಸೋದರಮಾವನ ಮನೆಯಲ್ಲಿ, ಮುದ್ದೇಬಿಹಾಳ ತಾಲೂಕಿನ ನಾಲತವಾಡದ ಮಗ್ಗುಲ ಹಳ್ಳಿಯಲ್ಲಿ. ನಮ್ಮೂರಿನಿಂದ ಒಂದು ಇಡೀ ಹಗಲಿನ ದಾರಿ.

“ಹೆಸರು ಹೇಳಾಕ ಒಂದು ಗಳಿಗಿ ಹತ್ತಂಗಿಲ್ಲ. ಅದಕ್ಕ ನಾಲತವಾಡಕ್ಕ ಹೋಗ್ತೇನಂತಿ?”

“ನನ್ನ ಬಾಯಿಕಿಂತ ಕಾಲು ನನ್ನ ಮಾತು ಕೇಳ್ತಾವ್ರಿ.”

“ಹೇಳಿದ್ರ ನಾ ಏನ್ ಸಾಯಂಗಿಲ್ಲ.”

ಒಳಗಿನಿಂದ ಅತ್ತೆ ಕೂಗಿದಳು: “ಬಿಡ್ತು ಅನ್ನೋ!”

ಶೇಂಗಾ ನೆಲದಲ್ಲಿತ್ತು, ಅವರು ಬರುವಂತಿರಲಿಲ್ಲ. ನಾನು ರೊಟ್ಟಿ ಬುತ್ತಿ ಕಟ್ಟಿಕೊಂಡು ಮಬ್ಬಿನಲ್ಲೇ ತಾಂಬಾಕ್ಕೆ ನಡೆದೆ. ಅಲ್ಲಿಂದ ಬಸ್ಸು ಹತ್ತಿ ಸಿಂದಗಿ. ಸಿಂದಗಿ ಸ್ಟ್ಯಾಂಡಿನಲ್ಲಿ ಬಾಗೇವಾಡಿ ಬಸ್ಸಿಗಾಗಿ ಕಾದೆ. ಕುಳಿತುಕೊಳ್ಳಲು ಕಲ್ಲಿನ ಬೆಂಚು ಇತ್ತು, ನಾನು ಆ ಬೆಂಚನ್ನು ಸುತ್ತುತ್ತಿದ್ದೆ. ಒಬ್ಬ ಕಂಡಕ್ಟರ್ “ಏನ ಕಳಕೊಂಡೀಯವ್ವ?” ಎಂದು ಕೇಳಿದ. ಏನೂ ಇಲ್ಲ ಎಂದೆ.

ಬಾಗೇವಾಡಿ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ದಾಖಲೆ ಸಿಗದೇ ಹೋದರೆ ಎಂಬ ಚಿಂತೆ ಹತ್ತಿತು. ಆಗ ಹೇಳಲೇಬೇಕಾಗುತ್ತದೆ. ಈಗಲೇ ರೂಢಿ ಮಾಡಿಕೊಂಡರೆ ಹೇಗೆ ಎಂದು ತುಟಿ ಅಲ್ಲಾಡಿಸಿ ನೋಡಿದೆ, ದನಿ ಇಲ್ಲದೆ. ಬಸ್ಸು ಕುಣಿಗೆ ಬಿದ್ದಾಗ ದನಿ ಹೊರಗೆ ಬಂದೀತೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಮಗ್ಗುಲಲ್ಲಿದ್ದ ಮುದುಕಿ ಕೇಳಿದಳು: “ಜಪಾ ಮಾಡಾಕತ್ತೀಯೇನವಾ?”

“ಹೂಂ.”

“ಯಾವ ದೇವರದು?”

“ಮನಿ ದೇವರದು” ಎಂದೆ. ಅವಳೂ ಕೈ ಮುಗಿದಳು.

ಬಾಗೇವಾಡಿಯಲ್ಲಿ ಇಳಿದು ಬಸವಣ್ಣನ ಗುಡಿಯ ಕಡೆಗೆ ಮುಖ ಮಾಡಿ ಕೈ ಮುಗಿದು ಮತ್ತೊಂದು ಬಸ್ಸು ಹತ್ತಿದೆ. ಮುದ್ದೇಬಿಹಾಳ ಮುಟ್ಟುವಾಗ ಹೊತ್ತು ವಾಲಿತ್ತು. ನಾಲತವಾಡದ ಬಸ್ಸು ಹೊರಡಲು ನಿಂತಿತ್ತು, ಓಡಿ ಹತ್ತಿದೆ. ಬುತ್ತಿ ಬಿಚ್ಚಿರಲೇ ಇಲ್ಲ.

ಸೋದರಮಾವ ಇರಲಿಲ್ಲ, ತೀರಿಕೊಂಡು ಬಹಳ ದಿನವಾಗಿತ್ತು. ಅವರ ಹೆಂಡತಿ ಇದ್ದಳು, ಒಬ್ಬ ಗಟ್ಟಿ ಮುದುಕಿ. ನಮ್ಮ ಮನೆಯವರನ್ನು ಎರಡು ವರ್ಷ ಸಾಕಿದವಳು. ನಾನು ಬಂದ ಕಾರಣ ಕೇಳಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿ, “ತಿನ್ನು” ಎಂದು ತಟ್ಟೆ ಮುಂದಿಟ್ಟಳು.

ಬೆಳಿಗ್ಗೆ ಸಾಲಿಗೆ ಕರೆದುಕೊಂಡು ಹೋದಳು. ಹೆಡ್ ಮಾಸ್ತರರು ಕಪಾಟಿನ ಕೆಳಗಿನಿಂದ ಹಳೆಯ ರಜಿಸ್ಟರು ಎಳೆದು ಧೂಳು ಕೊಡವಿದರು.

“ಯಾವ ಹೆಸರು ಹುಡಕಬೇಕ್ರಿ?”

ನಾನು ಮುದುಕಿಯನ್ನು ನೋಡಿದೆ. ಅಷ್ಟು ದೂರ ಬಂದರೂ ಅದೇ ಪ್ರಶ್ನೆ ನನಗಿಂತ ಮೊದಲೇ ಬಂದು ಕುಳಿತಿತ್ತು. ಮುದುಕಿ ನಾಯಿ ಗದರಿಸುವ ಹಾಗೆ ಜೋರಾಗಿ ಹೆಸರು ಹೇಳಿದಳು. ಅವಳಿಗೆ ಆ ಹೆಸರಿನ ಅಡ್ಡಿ ಏನೂ ಇಲ್ಲ, ಆತ ಅವಳಿಗೆ ನಾದಿನಿಯ ಮಗ. ಮಾಸ್ತರರು ಬೆರಳು ಇಟ್ಟುಕೊಂಡು ಹುಡುಕಿದರು, ಸಿಕ್ಕಿತು, ದಾಖಲೆ ಬರೆದು ಶಿಕ್ಕಾ ಒತ್ತಿ ಕೊಟ್ಟರು.

ಬಸ್ಸಿಗೆ ಬಿಡಲು ಬರುವಾಗ ಮುದುಕಿ ಕೇಳಿದಳು: “ಹೆಸರು ಅಂದ್ರ ಗಂಡನ ಆಯುಷ್ಯ ಕಮ್ಮಿ ಆಗ್ತೈತಿ ಅಂತ ಅಂಜೀಯೇನು?”

“ಹಂಗಂತಾರಲ್ಲ.”

“ನಾ ನನ್ನ ಗಂಡನ ಹೆಸರು ಒಮ್ಮಿನೂ ಅನಲಿಲ್ಲ. ನಲವತ್ತೈದಕ್ಕ ಹೋದ.” ಸ್ವಲ್ಪ ಹೊತ್ತು ನಡೆದು, “ಈಗ ಅಂದ್ರ ಯಾರೂ ಓ ಅನ್ನಂಗಿಲ್ಲ” ಎಂದಳು.

ನನಗೆ ಆ ಮಾತು ಆಗ ತಾಗಲಿಲ್ಲ. ದಾಖಲೆ ಕುಪ್ಪಸದೊಳಗೆ ಇತ್ತು, ನಾನು ಗೆದ್ದೆ ಎಂದುಕೊಂಡಿದ್ದೆ. ಬರುವ ದಾರಿಯಲ್ಲಿ ಬುತ್ತಿ ಬಿಚ್ಚಿ ಪೂರ್ತಿ ತಿಂದೆ.

ನೋಟೀಸಿನ ದಿನ ಮೂವರು ಇಂಡಿಗೆ ಹೋದೆವು: ನಾನು, ಮನೆಯವರು, ಭಾವ. ಭಾವ ಕರೆಯದೆ ಬಂದಿದ್ದರು. ಇದನ್ನು ನಮ್ಮ ಮಂದಿ ಯಾರೂ ಹೇಳುವುದಿಲ್ಲ. ತಮ್ಮನ ಹೊಲ ಕೆಡಲಿ ಎನ್ನುವವರು ತಮ್ಮ ಶೇಂಗಾ ಬಿಟ್ಟು ಇಂಡಿಗೆ ಬರುತ್ತಿರಲಿಲ್ಲ. ಕಚೇರಿಯ ಅಂಗಳದಲ್ಲಿ ಬೇವಿನ ಗಿಡ, ಅದರ ಕೆಳಗೆ ಮೂರು ತಾಲೂಕಿನ ಮಂದಿ ಕುಳಿತ ಹಾಗೆ ಜನ. ಅಷ್ಟು ಹೊತ್ತೂ ನಾನು ನಿಂತೇ ಇದ್ದೆ. ಕುಪ್ಪಸದಿಂದ ದಾಖಲೆ ತೆಗೆಯುವುದು, ನೋಡುವುದು, ಒಳಗೆ ಇಡುವುದು.

“ಕಾಗದ ಹರೀತೈತಿ, ಸುಮ್ನ ನಿಂದ್ರ” ಎಂದರು ಮನೆಯವರು.

ನಮ್ಮನ್ನು ಕರೆದರು. ಸರ್ಕಲ್ ಸಾಹೇಬರು ನಮ್ಮ ಕಡೆಯವರೇ, ನಮ್ಮ ಮಾತೇ ಆಡುತ್ತಿದ್ದರು. ದಾಖಲೆ ಓದಿದರು, ವಹಿ ಓದಿದರು, ಎರಡನ್ನೂ ಮಗ್ಗುಲು ಮಗ್ಗುಲು ಇಟ್ಟರು.

“ಇದರಾಗ ಒಬ್ಬಾಂವ ಅದಾನ. ವಹಿಯೊಳಗ ಮುತ್ಯಪ್ಪ ಅಂತ ಇನ್ನೊಬ್ಬಾಂವ ಅದಾನ. ಈ ಇಬ್ಬರೂ ಒಬ್ಬನ ಅನ್ನೂದು ಎಲ್ಲೈತ್ರಿ?”

ನನ್ನ ಎರಡು ದಿನದ ತಿರುಗಾಟದ ಫಲ ಅದು. ಹುಟ್ಟದೇ ಇದ್ದ ಮುತ್ಯಪ್ಪನಿಗೆ ನಾನು ಒಬ್ಬ ಜೊತೆಗಾರನನ್ನು ತಂದಿದ್ದೆ.

“ಸಾಹೇಬ್ರ, ನಾನ ಇಲ್ಲೆ ನಿಂತೇನಲ್ರಿ” ಎಂದರು ಮನೆಯವರು.

“ನೀವು ನಿಂತೀರಿ. ನಿಮ್ಮ ಕಾಗದ ನಿಂತಿಲ್ಲ.”

ಭಾವ ಮುಂದೆ ಬಂದರು. “ಇವ ನನ್ನ ಬೆನ್ನಿಗೆ ಬಿದ್ದ ತಮ್ಮರಿ. ಬಾವಿ ಹೊಲ ಇವಂದ. ನಾ ಬರದ ಕೊಡ್ತೇನ್ರಿ.”

“ನೀವು ವರ್ದಿ ಕೊಟ್ಟಿಲ್ಲ, ಗೌಡ್ರ. ಕೊಟ್ಟಾಕಿ ಹೇಳ್ಬೇಕು.” ಸಾಹೇಬರು ನನ್ನ ಕಡೆ ನೋಡಿದರು. “ಏನಬೇ, ಇವರ ಹೆಸರು ಮುತ್ಯಪ್ಪ ಹೌದೋ ಅಲ್ಲೋ?”

“ಅಲ್ರಿ.”

“ಮತ್ತೇನು?”

ನಾನು ನೆಲ ನೋಡಿದೆ. ಕಲ್ಲಿನ ಸಂದಿಯಲ್ಲಿ ಒಂದು ಇರುವೆ ಸಾಲು. ಮದುವೆಯಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳುತ್ತೇವೆ, ಅದಕ್ಕೆ ದೋಷವಿಲ್ಲ. ಬಸ್ಸಿನಲ್ಲಿ ಬರುವಾಗ ಒಂದು ಕಟ್ಟಿಕೊಂಡಿದ್ದೆ.

“ಒಡಪು ಹಾಕಿ ಹೇಳ್ಲೇನ್ರಿ?” ಎಂದೆ.

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಸಾಹೇಬರು ನಗಲಿಲ್ಲ. “ಒಡಪು ಬರಿಯಾಕ ಕಾಲಂ ಇಲ್ಲವ್ವ.”

ಆದರೂ ಶುರು ಮಾಡಿದೆ. “ಕರಿ ಎರಿ ಹೊಲದಾಗ ಬಿಳಿ ಜ್ವಾಳ ಬಿತ್ತಿ...” ಮುಂದಿನದು ಬರಲಿಲ್ಲ. ಸಾಹೇಬರು ಪೆನ್ನಿಗೆ ಟೋಪಿ ಹಾಕಿ, ವಹಿ ಮುಚ್ಚಿ, “ಮುಂದಿನ ಮಂದಿ ಕರೀರಿ” ಎಂದರು.

ಪೆನ್ನಿನ ಟೋಪಿ ಟಕ್ಕೆಂದದ್ದು ನನಗೆ ಕೇಳಿಸಿತು. ಆ ಸಪ್ಪಳಕ್ಕೆ ಬಾವಿ ಹೋಯಿತು, ಹೊಲ ಹೋಯಿತು, ಕಂಬ ಹಳ್ಳದ ಆಚೆಯೇ ಉಳಿದವು ಎಂದು ಗೊತ್ತಾಯಿತು. ನಾನು ಹೇಳಿದೆ.

ಮೆತ್ತಗೆ ಹೇಳಬೇಕು ಎಂದುಕೊಂಡಿದ್ದೆ, ಜೋರಾಗಿ ಬಂತು. ಹೊರಗೆ ಬೇವಿನ ಗಿಡದ ಕೆಳಗಿನಿಂದ ಒಬ್ಬ “ನಾ ಇಲ್ಲೇ ಅದೀನ್ರಿ” ಎಂದು ಎದ್ದು ಬಂದ. ಅವನದೂ ಅದೇ ಹೆಸರು. ತನ್ನನ್ನು ಕರೆದರೆಂದು ತಿಳಿದಿದ್ದ. ಅವನನ್ನು ತಿರುಗಿ ಕಳಿಸಿದರು. ನಗುವ ಗದ್ದಲದಲ್ಲಿ ಕಾರಕೂನನಿಗೆ ಹೆಸರು ಕೇಳಿಸಿರಲಿಲ್ಲ, ಇನ್ನೊಮ್ಮೆ ಹೇಳಿಸಿದ. ಆಮೇಲೆ ಅವನ ಪೆನ್ನು ಬರೆಯಲಿಲ್ಲ, ಕೊಡವಿಕೊಂಡು ಮೂರನೇ ಸಲ ಕೇಳಿದ. ಮೂರನೇ ಸಲಕ್ಕೆ ನನಗೆ ಸಿಟ್ಟು ಬಂದಿತ್ತು.

ಸಾಹೇಬರು ಬಾಯಿಂದಲೇ ಹೇಳಿ ಬರೆಸಿದರು: ಇಂಥವರು, ಉರ್ಫ ಮುತ್ಯಪ್ಪ. ಉರ್ಫ ಅಂದರೆ ಒಬ್ಬನಿಗೇ ಎರಡು ಹೆಸರು ಎಂದರ್ಥವಂತೆ.

“ಆ ಮುತ್ಯಪ್ಪನ್ನ ತಗದ ಬಿಡ್ರಿ ಸಾಹೇಬ್ರ” ಎಂದರು ಮನೆಯವರು.

“ತಗ್ಯಾಕ ಬರಂಗಿಲ್ಲ. ವಹಿಯೊಳಗ ಒಮ್ಮಿ ಬಂದಾಂವ ಬಂದ. ನಿಮ್ಮ ಬೆನ್ನಿಗಿ ಇರ್ತಾನ.”

ಇವತ್ತಿಗೂ ಇದ್ದಾನೆ. ಉತಾರ ತೆಗೆಸಿ ನೋಡಿ.

ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಮನೆಯವರು ಒಂದೇ ಮಾತು ಆಡಿದರು: “ಮೂರನೇ ಸಲ ಎತ್ತಿಗೆ ಬೈದಂಗ ಅಂದಿ.” ಭಾವ ಚಹಾ ಉಗುಳಿ ನಕ್ಕರು. ಮೋಟಾರು ಬರಲು ಮುಂದೆ ಎರಡು ಬೇಸಗೆ ಹಿಡಿಯಿತು, ಆದರೆ ಬಂತು. ಮನೆಯವರು ಆಮೇಲೆ ಮೂವತ್ತು ವರ್ಷ ಬದುಕಿದರು. ಆಯುಷ್ಯದ ಮಾತು ಆಡುವವರಿಗೆ ಇದನ್ನು ಹೇಳಿ ಸುಮ್ಮನಾಗುತ್ತೇನೆ.

ಸಂಜೆ ಮನೆ ಮುಟ್ಟಿದಾಗ ಅತ್ತೆ ಕಟ್ಟೆಯ ಮೇಲೆ ಕಾದಿದ್ದಳು.

“ಅಂದ್ಯಾ?”

“ಅಂದ್ನಿ ಅತ್ತಿ.”

“ಎಷ್ಟ ಸಲ?”

“ಮೂರು.”

“ನಮ್ಮ ಮಾವನ್ನ ಮೂರ ಸಲ ಎಬ್ಬಿಸಿ ಕಚೇರ್ಯಾಗ ನಿಲ್ಲಿಸಿ ಬಂದಿ” ಎಂದು ಮುಖ ತಿರುಗಿಸಿದಳು. ಆ ಹೊತ್ತು ನನ್ನ ಕೈಯ ರೊಟ್ಟಿ ತಿನ್ನಲಿಲ್ಲ.

ಕೆಲಸ ಆಗಿತ್ತು, ಈಗಾದರೂ ಕುಳಿತುಕೊಳ್ಳಬಹುದು ಎಂದು ಬಾಗಿಲಲ್ಲಿ ಕುಳಿತೆ. ಮಗಳು ಪಾಟಿ ಹಿಡಿದು ಬಂದು ಮಗ್ಗುಲಲ್ಲಿ ಕುಳಿತಳು. ಆ ವರ್ಷವೇ ಸಾಲಿಗೆ ಹಾಕಿದ್ದೆವು. ಅವಳಿಗೆ ಇಟ್ಟದ್ದು ನಮ್ಮ ಮನೆಯವರ ಅಜ್ಜಿಯ ಹೆಸರು, ಅಂದರೆ ಅತ್ತೆಯ ಅತ್ತೆಯದು. ಅದನ್ನೂ ನಾನಾಗಲಿ ಅತ್ತೆಯಾಗಲಿ ಹೇಳುವಂತಿರಲಿಲ್ಲ. ಅಜ್ಜಿಗೆ ನಮ್ಮ ಕಡೆ ಆಯಿ ಅನ್ನುತ್ತೇವೆ, ಹುಡುಗಿಯನ್ನೂ ಆಯಿ ಎಂದೇ ಕರೆಯುತ್ತಿದ್ದೆವು. ಹೆಸರು ಹಚ್ಚಿಸಲು ಸಾಲಿಗೆ ಕರೆದುಕೊಂಡು ಹೋದವಳು ನಾನೇ.

“ಏನ ಬರದೀಯ?” ಎಂದು ಕೇಳಿದೆ.

“ನನ್ನ ಹೆಸರು. ಮಾಸ್ತರ ಕಲಿಸ್ಯಾರ.”

“ಓದು.”

ಅವಳು ಬೆರಳಿಟ್ಟು ಓದಿದಳು: “ಆ, ಯ, ವ್ವ.”

ನಾನು ಮತ್ತೆ ಎದ್ದು ನಿಂತೆ.

ಮರುದಿನ ಬೆಳಿಗ್ಗೆ ದನಕ್ಕೆ ನೀರು ಸಹ ತೋರಿಸದೆ ಸಾಲಿಗೆ ಹೋದೆ. ಮಾಸ್ತರರು ಇನ್ನೂ ಬಾಗಿಲ ಬೀಗ ತೆಗೆಯುತ್ತಿದ್ದರು. “ಹಾಜರಿ ವಹಿ ತಗೀರಿ, ನಮ್ಮ ಹುಡಿಗಿ ಹೆಸರು ತಪ್ಪೈತಿ” ಎಂದೆ. “ಹಂಗಾರ ಏನ ಬರೀಲಿ?” ಎಂದರು. ಹೇಳಿದೆ. ಅವರು ಮೇಜಿನ ಖಾನೆಯಲ್ಲಿ ಪೆನ್ನು ಹುಡುಕುವಷ್ಟರಲ್ಲಿ ಇನ್ನೊಮ್ಮೆ ಹೇಳಿದೆ. ಬರೆದು ಮುಗಿಸುವ ತನಕ ಅಲ್ಲೇ ನಿಂತಿದ್ದೆ.